ಅಪ್‌ಡೇಟ್: ಹೊಸ ಇಂಡೀ ಪಾಪ್ ಬ್ಯಾಂಡ್‌ಗಳ ಹುಡುಕಾಟ

ಸ್ಟ್ರೀಮಿಂಗ್ ಆ್ಯಪ್‌ಗಳು ಒಂದೇ ಬಗೆಯ ಹಾಡುಗಳನ್ನು ಮುಂದಿಡುತ್ತಿರುವಾಗ ಹೊಸ ಇಂಡೀ ಪಾಪ್ (ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ ಪಾಪ್) ಬ್ಯಾಂಡ್‌ಗಳನ್ನು ಹುಡುಕುವುದು ಹೇಗೆಂದು ಕೇಳಿದ್ದೆ. ಬಂದ ಸಲಹೆಗಳಲ್ಲಿ, ಬ್ಯಾಂಡ್‌ಗಳಿಗಿಂತ ಅವುಗಳ ಹಾಡುಗಳನ್ನು ಹೊರತರುವ ಪುಟ್ಟ ಲೇಬಲ್‌ಗಳ (ರೆಕಾರ್ಡ್ ಕಂಪನಿಗಳ) ಬೆನ್ನು ಹತ್ತಬೇಕೆಂಬುದೇ ಹೆಚ್ಚು ಫಲ ಕೊಟ್ಟಿತು. 1987ರಿಂದ 1995ರವರೆಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ಸಾರಾ ರೆಕಾರ್ಡ್ಸ್ ಲೇಬಲ್‌ನ ಮೂಲಕ ದಿ ಫೀಲ್ಡ್ ಮೈಸ್ ಮತ್ತು ಹೆವನ್ಲಿ ಬ್ಯಾಂಡ್‌ಗಳು ದೊರೆತವು; ಹೆವನ್ಲಿಯ ಗಾಯಕಿ ಅಮೀಲಿಯಾ ಫ್ಲೆಚರ್ ಅದಕ್ಕೂ ಮೊದಲು ಹಾಡುತ್ತಿದ್ದ ಟಲೂಲಾ ಗಾಶ್ ಬ್ಯಾಂಡ್ ನನಗೆ ಇನ್ನೂ ಹೆಚ್ಚು ಹಿಡಿಸಿತು. ಹಳಬರಷ್ಟೇ ಸಾಕೆನ್ನದವರು ಅಮೆರಿಕದ ಸ್ಲಂಬರ್‌ಲ್ಯಾಂಡ್ ರೆಕಾರ್ಡ್ಸ್ ಹೊರತಂದಿರುವ, ಸ್ಯಾನ್ ಫ್ರಾನ್ಸಿಸ್ಕೋದ ದಿ ಅಂಬ್ರೆಲಾಸ್ ತಂಡವನ್ನು ಕೇಳಬಹುದು. ಕಲಾವಿದರಿಂದ ನೇರವಾಗಿ ಹಾಡು ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಇಷ್ಟವಾದ ಆಲ್ಬಮ್ಮನ್ನು ಕೊಂಡವರ ಸಂಗ್ರಹಗಳನ್ನು ಇಣುಕುವುದೂ ಉಪಯುಕ್ತವೇ, ಆದರೆ ಅಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ್ಯಪ್‌ಗಳು ಮನಸ್ಥಿತಿಗೆ ತಕ್ಕಂತೆ ಜೋಡಿಸಿಕೊಡುವ ‘ಮೂಡ್’ ಪ್ಲೇಲಿಸ್ಟ್‌ಗಳನ್ನಂತೂ ಕೈಬಿಟ್ಟಿದ್ದೇನೆ.