ಮಗಳು ಈಗ 9ನೇ ಕ್ಲಾಸು, ಕಾಲೇಜಿಗೆ ಈಗಿಂದ್ಲೇ ಏನು ತಯಾರಿ ಮಾಡ್ಕೋಬೇಕು? (ಡೊಂಬಿವಲಿ)

ಡೊಂಬಿವಲಿ ಅಮ್ಮ:

ಎಲ್ರಿಗೂ ನಮಸ್ಕಾರ. ನಾವು ಕುಂದಾಪುರ ಕಡೆಯವ್ರು, ಮುಂಬೈಗೆ ಬಂದು 17 ವರ್ಷ ಆಯ್ತು, ಮನೆಯವ್ರು ಸಯನ್‌ನಲ್ಲಿ ಒಂದು ಹೋಟೆಲಲ್ಲಿ ಮ್ಯಾನೇಜರ್, ಬೆಳಿಗ್ಗೆ ಹೋದ್ರೆ ರಾತ್ರಿ ಹನ್ನೊಂದಕ್ಕೆ ಬರೋದು. ಮಗಳು ಇಂಗ್ಲಿಷ್ ಮೀಡಿಯಂ, ಎಸ್ಸೆಸ್ಸಿ ಬೋರ್ಡು (ಮಹಾರಾಷ್ಟ್ರದ ಸ್ಟೇಟ್ ಬೋರ್ಡು). ನಾವಿಬ್ರೂ ಊರಲ್ಲೇ ಓದಿದ್ದು, ನಾನು ಪಿಯುಸಿವರೆಗೆ, ಅವ್ರು ಹತ್ತನೇ ಕ್ಲಾಸ್‌ವರೆಗೆ, ಹಾಗಾಗಿ ಇಲ್ಲಿಯ ಜೂನಿಯರ್ ಕಾಲೇಜು, ಸಿಇಟಿ, ಕ್ಯಾಪ್ ರೌಂಡ್ ಅಂತೆಲ್ಲ ಹೇಳಿದ್ರೆ ನಮ್ಗೆ ತಲೆ ಬುಡ ಗೊತ್ತಾಗಲ್ಲ.

ಈಗ ಸೊಸೈಟಿಯಲ್ಲಿ ಅವಳ ಜತೆಯ ಮಕ್ಕಳೆಲ್ಲ ಫೌಂಡೇಶನ್ ಬ್ಯಾಚಿಗೆ, ಅಂದ್ರೆ ಮುಂದಿನ ಪ್ರವೇಶ ಪರೀಕ್ಷೆಗಳಿಗೆ ಈಗಿಂದ್ಲೇ ತಯಾರಿ ಮಾಡಿಸೋ ಕೋಚಿಂಗಿಗೆ, ಸೇರಿದ್ದಾರೆ. ಎರಡು ವರ್ಷಕ್ಕೆ ಒಂದೂವರೆ ಲಕ್ಷ ಹೇಳಿದ್ರು, ಈಗ ಸೇರದಿದ್ರೆ ಆಮೇಲೆ ಪಶ್ಚಾತ್ತಾಪ ಪಡ್ತೀರಿ ಅಂತಾನೂ ಅಂದ್ರು, ಅವತ್ತಿಂದ ನಂಗೆ ನಿದ್ದೆ ಇಲ್ಲ. ಅವಳಿಗೆ ಬಯಾಲಜಿ ಇಷ್ಟ, ಡ್ರಾಯಿಂಗ್ ಅಂದ್ರೆ ಜೀವ, ಗಣಿತ ಸುಮಾರು. ಒಂದು ದಿನ ಡಾಕ್ಟರ್ ಅಂತಾಳೆ, ಇನ್ನೊಂದು ದಿನ ಏನೂ ಹೇಳಲ್ಲ. ಅತ್ತೆಯವ್ರು ಹತ್ತನೇ ಕ್ಲಾಸ್ ಆದ್ಮೇಲೆ ಊರಿಗೆ ಕಳ್ಸಿ, ಇಲ್ಲೇ ನನ್ ಹತ್ರ ಇದ್ದು ಪಿಯುಸಿ ಓದ್ಲಿ ಅಂತಿದ್ದಾರೆ. ದುಡ್ಡು ಹೊಂದಿಸ್ಬೋದು, ಆದ್ರೆ ತಪ್ಪು ಕಡೆ ಹಾಕ್ಬಾರ್ದು ಅಂತ. ಗೊತ್ತಿರೋರು ಹೇಳಿ, ಪ್ಲೀಸ್.

ಮುಲುಂಡ್ ಗಣಿತ ಟೀಚರ್:

ಅಕ್ಕ, ನಾನು ಹನ್ನೆರಡು ವರ್ಷದಿಂದ ಜೂನಿಯರ್ ಕಾಲೇಜಲ್ಲಿ (11ನೇ, 12ನೇ, ಊರಿನ ಪಿಯುಸಿ ಇದ್ದ ಹಾಗೆ) ಗಣಿತ ಕಲಿಸ್ತಿದ್ದೀನಿ. ಮೊದ್ಲು ಸಮಾಧಾನ ಮಾಡ್ಕೊಳ್ಳಿ, 9ನೇ ಕ್ಲಾಸಲ್ಲಿ ಬ್ಯಾಚಿಗೆ ಸೇರಿಲ್ಲ ಅಂತ ಯಾವ ಮಗುವಿನ ಬಾಗಿಲೂ ಮುಚ್ಚಿದ್ದು ನಾನು ನೋಡಿಲ್ಲ.

ನಾನು ಪ್ರತಿ ವರ್ಷ ನೋಡೋದು ಬೇರೆ. ಹತ್ತನೇ ಕ್ಲಾಸಲ್ಲಿ 90 ಪರ್ಸೆಂಟ್ ತಂದ ಮಕ್ಕಳು 11ನೇಯ ಮೊದಲ ಟೆಸ್ಟಲ್ಲಿ 40 ತಗೊಂಡು ಅಳ್ತಾ ಕೂತಿರ್ತಾರೆ. ಯಾಕೆ ಅಂದ್ರೆ ಎಸ್ಸೆಸ್ಸಿಯಲ್ಲಿ ಬೀಜಗಣಿತ 40, ರೇಖಾಗಣಿತ 40, ಉಳಿದ 20 ಇಂಟರ್ನಲ್, ಮೇಲಿಂದ ಪರ್ಸೆಂಟೇಜ್ ಲೆಕ್ಕಕ್ಕೆ ಆರು ವಿಷಯದಲ್ಲಿ ಒಳ್ಳೆಯ ಐದು ಮಾತ್ರ, ಹಾಗಾಗಿ ಮಾದರಿ ಪ್ರಶ್ನೆ ಉರು ಹೊಡೆದ್ರೂ ನಡೆದುಹೋಗತ್ತೆ. 11ನೇಗೆ ಬಂದ ಕೂಡ್ಲೇ ಟ್ರಿಗನಾಮೆಟ್ರಿ, ಲಾಗರಿದಮ್, ವೆಕ್ಟರ್ ಒಟ್ಟಿಗೆ ಮೈಮೇಲೆ ಬೀಳತ್ತೆ, ಆಗ ಭಿನ್ನರಾಶಿ ಕೂಡಿಸೋಕೆ, ಸಮೀಕರಣದಲ್ಲಿ ಚಿಹ್ನೆ ಬದಲಾಯಿಸೋಕೆ ತಡವರಿಸೋ ಮಗು ಫಿಸಿಕ್ಸಲ್ಲೂ ಬೀಳತ್ತೆ. ನಿಮ್ ಮಗಳಿಗೆ ಗಣಿತ ಸುಮಾರು ಅಂದ್ರಲ್ಲ, ಮಾಡೋ ಕೆಲಸ ಇರೋದು ಅಲ್ಲೇ. 7ನೇ, 8ನೇ ಪುಸ್ತಕ ತೆಗೆದು ದಿನಾ ಅರ್ಧ ಗಂಟೆ, ಯಾವ ಪಾಠದಲ್ಲಿ ಕೈ ನಿಲ್ಲತ್ತೆ ನೋಡಿ. ಪಕ್ಕದ ಬಿಲ್ಡಿಂಗಲ್ಲಿ ಟ್ಯೂಷನ್ ಹೇಳಿಕೊಡೋ ಒಬ್ಬ ಒಳ್ಳೆ ಟೀಚರ್ ಸಿಕ್ರೆ ಸಾಕು.

ಸಿಇಟಿ ಬಗ್ಗೆ ಒಂದು ಮಾತು, ಎಮ್‌ಎಚ್‌ಟಿ ಸಿಇಟಿಯಲ್ಲಿ (ಇಂಜಿನಿಯರಿಂಗ್, ಫಾರ್ಮಸಿಗೆ ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ) ಸುಮಾರು 20 ಪರ್ಸೆಂಟ್ ಪ್ರಶ್ನೆ 11ನೇದು, 80 ಪರ್ಸೆಂಟ್ 12ನೇದು, ನೆಗೆಟಿವ್ ಮಾರ್ಕಿಂಗ್ ಇಲ್ಲ, ಪಾಠ ಸ್ಟೇಟ್ ಬೋರ್ಡಿಂದೇ. 9ನೇ ಕ್ಲಾಸಿಂದ ಅದಕ್ಕೆ ಬ್ಯಾಚು ಯಾಕೆ ಹೇಳಿ? ಡಾಕ್ಟರ್ ಓದೋಕೆ ಬರೆಯೋ ನೀಟ್ ಬೇರೆ, ಅದು 720 ಮಾರ್ಕಿಂದು, ಅರ್ಧ ಬಯಾಲಜಿ, ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲು ಓದ್ಬೇಕು, ತಪ್ಪಾದ್ರೆ ಮಾರ್ಕ್ ಹೋಗತ್ತೆ. ಅದಕ್ಕೂ 11ನೇ ಮತ್ತು 12ನೇ, ಎರಡು ವರ್ಷ ಸರಿಯಾಗಿ ಕೂತ್ರೆ ಆಗತ್ತೆ.

ಡ್ರಾಯಿಂಗ್ ಜೀವ ಅಂದ್ರಿ. ಶಾಲೆ ಮಕ್ಕಳಿಗೆ ಇಲ್ಲಿ ಸರ್ಕಾರ ನಡೆಸೋ ಡ್ರಾಯಿಂಗ್ ಪರೀಕ್ಷೆ ಎರಡಿದೆ, ಎಲಿಮೆಂಟರಿ, ಆಮೇಲೆ ಇಂಟರ್‌ಮೀಡಿಯೆಟ್. ಎಲಿಮೆಂಟರಿ ಪರೀಕ್ಷೆ ಕೊಟ್ಟಿದ್ದಾಳಾ? ಕೊಟ್ಟಿದ್ರೆ ಇಂಟರ್‌ಮೀಡಿಯೆಟ್ ಬಿಡಬೇಡಿ, ಶಾಲೆಯ ಡ್ರಾಯಿಂಗ್ ಟೀಚರ್ ಹತ್ರ ಕೇಳಿ. ಅದರ ಗ್ರೇಡ್ ಮೇಲೆ ಎಸ್ಸೆಸ್ಸಿಯಲ್ಲಿ ಮಾರ್ಕು ಸೇರತ್ತೆ, ಎ ಬಂದ್ರೆ 7, ಬಿ ಬಂದ್ರೆ 5, ಸಿ ಬಂದ್ರೆ 3. ಮಾರ್ಕಿಗಿಂತ ಹೆಚ್ಚಾಗಿ, ಅವಳಿಗೆ ಇದು ಹವ್ಯಾಸವಾ ಅಥವಾ ಜೀವನ ಇಡೀ ಮಾಡೋ ಕೆಲಸವಾ ಅಂತ ಅಲ್ಲೇ ಗೊತ್ತಾಗತ್ತೆ. ಒಂದು ಭಾನುವಾರ ಸಿಎಸ್‌ಎಮ್‌ಟಿಗೆ ಹೋದಾಗ ಜೆಜೆ ಸ್ಕೂಲ್ ಆಫ್ ಆರ್ಟ್ ಎದುರು ನಡ್ಕೊಂಡ್ ಬನ್ನಿ, 1857ರಲ್ಲಿ ಶುರುವಾದ ಕಾಲೇಜು ಅದು. ಇಂಥದ್ದೊಂದು ದಾರಿಯೂ ಇದೆ ಅಂತ ಮಗು ಕಣ್ಣಾರೆ ನೋಡ್ಲಿ.

ಬೊರಿವಲಿ ಅಪ್ಪ:

ಟೀಚರ್ ಓದಿನ ಬಗ್ಗೆ ಹೇಳಿದ್ರು, ನಾನು ಕಾಗದಪತ್ರದ ಬಗ್ಗೆ ಹೇಳ್ತೀನಿ ಅಕ್ಕ, ನಮ್ ಮನೆಯಲ್ಲಿ ಇದರಿಂದ ಬಹಳ ಸಂಕಟ ಆಯ್ತು.

ಮಗಳು ಹುಟ್ಟಿದ್ದು ಎಲ್ಲಿ? ನಮ್ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗ್ತಾರಲ್ಲ, ನನ್ ಮಗನೂ ಹುಟ್ಟಿದ್ದು ಉಡುಪಿಯಲ್ಲಿ, ಓದಿದ್ದೆಲ್ಲ ಇಲ್ಲಿ. ಇಂಜಿನಿಯರಿಂಗ್ ಅಡ್ಮಿಶನ್ನಿಗೆ ಮಹಾರಾಷ್ಟ್ರದ ಅಭ್ಯರ್ಥಿ ಅನ್ನಿಸಿಕೊಳ್ಳೋಕೆ 10ನೇ, 12ನೇ ಇಲ್ಲಿ ಪಾಸಾದ್ರೆ ಮಾತ್ರ ಸಾಲಲ್ಲ, ಹುಟ್ಟಿದ್ದು ಮಹಾರಾಷ್ಟ್ರ ಅಂತಿರಬೇಕು, ಇಲ್ಲಾಂದ್ರೆ ಡೊಮಿಸೈಲ್ (ಈ ರಾಜ್ಯದ ನಿವಾಸಿ ಅನ್ನೋ ಸರ್ಟಿಫಿಕೇಟು) ಬೇಕು. ಎಲ್‌ಸಿಯಲ್ಲಿ (ಶಾಲೆ ಬಿಡುವಾಗ ಕೊಡೋ ಲೀವಿಂಗ್ ಸರ್ಟಿಫಿಕೇಟು) ಜನ್ಮಸ್ಥಳ ಉಡುಪಿ ಅಂತಿತ್ತು, ನಮಗದು ಗೊತ್ತಾಗಿದ್ದು ಫಾರ್ಮ್ ತುಂಬೋ ವಾರದಲ್ಲಿ. ಡೊಮಿಸೈಲಿಗೆ ಇಲ್ಲಿ 15 ವರ್ಷ ವಾಸ ಇದ್ದದ್ದಕ್ಕೆ ದಾಖಲೆ ಕೇಳ್ತಾರೆ, ನಾವು ಬಾಡಿಗೆ ಮನೆ ಬದಲಾಯಿಸ್ತಾ ಬಂದವ್ರು, ಹಳೇ ರೇಷನ್ ಕಾರ್ಡು, ಲೈಟ್ ಬಿಲ್ಲು ಹುಡುಕೋಕೆ ನನ್ ಹೆಂಡ್ತಿ ಮೂರು ರಾತ್ರಿ ಟ್ರಂಕು ಬಿಚ್ಚಿ ಕೂತಿದ್ಲು. ನೀವು ಈಗ್ಲೇ ಆಪ್ಲೆ ಸರ್ಕಾರ್ ಕೇಂದ್ರಕ್ಕೆ (ಇಲ್ಲಿ ಸರ್ಕಾರಿ ಸರ್ಟಿಫಿಕೇಟುಗಳಿಗೆ ಅರ್ಜಿ ಹಾಕೋ ಜಾಗ) ಹೋಗಿ ಮಾಡ್ಸಿಡಿ.

ಇನ್ನೊಂದು ಜಾತಿ ಸರ್ಟಿಫಿಕೇಟು. ಊರಿನ ತಹಶೀಲ್ದಾರ್ ಕೊಟ್ಟಿದ್ದು ಇಟ್ಕೊಂಡು ಇಲ್ಲಿ ಒಬಿಸಿ ಸೀಟು ಸಿಗತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಸಿಗಲ್ಲ. ಒಬಿಸಿ ಆದ್ರೆ 13 ಅಕ್ಟೋಬರ್ 1967ಕ್ಕಿಂತ ಮೊದ್ಲು, ಎಸ್‌ಸಿ ಆದ್ರೆ 10 ಆಗಸ್ಟ್ 1950ಕ್ಕಿಂತ ಮೊದ್ಲು, ಎಸ್‌ಟಿ ಆದ್ರೆ 6 ಸೆಪ್ಟೆಂಬರ್ 1950ಕ್ಕಿಂತ ಮೊದ್ಲು ಮನೆಯ ಹಿರಿಯರು ಮಹಾರಾಷ್ಟ್ರದಲ್ಲಿ ಇದ್ದದ್ದಕ್ಕೆ ದಾಖಲೆ ಬೇಕು. ನಿಮ್ಮ ಮಾವನೋ ಅವರಪ್ಪನೋ ಆ ಕಾಲದಲ್ಲಿ ಹೋಟೆಲಲ್ಲಿ ಕೆಲಸ ಮಾಡ್ತಾ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗಿದ್ರಾ? ಹಾಗಿದ್ರೆ ಆ ಶಾಲೆಯ ದಾಖಲೆ ಇದೆಯಾ ಕೇಳಿ, ಬಂಗಾರಕ್ಕೆ ಸಮ ಅದು. ಇಲ್ಲಾಂದ್ರೆ ಓಪನ್ (ಮೀಸಲಾತಿ ಇಲ್ಲದ ಸೀಟು) ಅಂತಲೇ ಲೆಕ್ಕ ಹಾಕ್ಕೊಂಡು ತಯಾರಾಗಿ.

ಹೆಸರು ಕೂಡ ನೋಡಿ. ಆಧಾರಲ್ಲಿ ಒಂದು, ಶಾಲೆಯಲ್ಲಿ ಒಂದು ಇದ್ರೆ 10ನೇ ಬೋರ್ಡ್ ಫಾರ್ಮ್ ಹೋಗೋ ಮೊದ್ಲು ಸರಿ ಮಾಡಿಸಿ, ಶಾಲೆ ಬಿಟ್ಟ ಮೇಲೆ ತಿದ್ದಿಸೋದು ಬಹಳ ಕಷ್ಟ.

ಠಾಣೆ ಹುಡುಗ:

ಅಕ್ಕ, ನಾನು ಹತ್ತನೇ ಆದ್ಮೇಲೆ ಡಿಪ್ಲೊಮಾ ಮಾಡಿ ಈಗ ಇಂಜಿನಿಯರಿಂಗ್ ನೇರ ಸೆಕೆಂಡ್ ಇಯರಲ್ಲಿದ್ದೀನಿ. ನಿಮ್ ಮಗಳಿಗೆ ಇದು ಹೊಂದಲ್ಲ, ಬಯಾಲಜಿ ಅಂದ್ರಲ್ಲ, ಆದ್ರೂ ಓದೋ ಬೇರೆಯವ್ರಿಗೆ ಗೊತ್ತಿರ್ಲಿ ಅಂತ ಹೇಳ್ತಿದ್ದೀನಿ.

ನಾನು ಹೇಳೋಕೆ ಬಂದಿದ್ದು 11ನೇ ಅಡ್ಮಿಶನ್ ಬಗ್ಗೆ. ತಂಗಿಗೆ 2025ರಲ್ಲಿ ನಾನೇ ಫಾರ್ಮ್ ತುಂಬಿದ್ದು, ಆ ವರ್ಷದಿಂದ ಇಡೀ ರಾಜ್ಯಕ್ಕೆ ಆನ್‌ಲೈನ್ ಆಯ್ತು. 10 ಕಾಲೇಜಿನವರೆಗೆ ಹಾಕ್ಬೋದು, ಆದ್ರೆ ಮೊದಲನೇದಾಗಿ ಹಾಕಿದ ಕಾಲೇಜೇ ಸಿಕ್ರೆ ತಗೊಳ್ಲೇಬೇಕು, ಬಿಟ್ರೆ ಮುಂದಿನ ರೌಂಡುಗಳಿಂದ ಹೊರಗೆ. ಹೆಸರು ದೊಡ್ಡದು ಅಂತ ಚರ್ಚ್‌ಗೇಟ್ ಕಡೆ ಕಾಲೇಜು ಮೊದ್ಲು ಹಾಕಿ, ಡೊಂಬಿವಲಿಯಿಂದ ದಿನಾ ಆ ಲೋಕಲಲ್ಲಿ ನೇತಾಡಿ ಹೋಗಿ ಮಗು ಓದೋದು ಯಾವಾಗ? ರಜೆಯಲ್ಲಿ ಒಂದ್ಸಲ ಕಾಲೇಜ್ ಟೈಮಿಗೇ ಅವಳನ್ನ ಕರ್ಕೊಂಡು ಹೋಗಿ ನೋಡಿ.

ಮತ್ತೆ ಇಂಟಿಗ್ರೇಟೆಡ್ ಅಂತ ಹೇಳಿದ್ರೆ, ಹೆಸರು ಕಾಲೇಜಲ್ಲಿ, ಪಾಠ ಎಲ್ಲ ಕೋಚಿಂಗ್ ಕ್ಲಾಸಲ್ಲಿ. ಪ್ರಾಕ್ಟಿಕಲ್ ನಿಜವಾಗಿ ಮಾಡಿಸ್ತಾರಾ ಅಂತ ಅಲ್ಲಿ ಓದ್ತಿರೋ ಮಕ್ಕಳನ್ನೇ ಕೇಳಿ, ಕೌಂಟರಲ್ಲಿ ಕೂತವ್ರನ್ನಲ್ಲ.

ವಾಶಿ ಅಮ್ಮ:

ನಾನು ಟೀಚರ್ ಮಾತು ಪೂರ್ತಿ ಒಪ್ಪಲ್ಲ. ನನ್ ಮಗ 9ನೇಯಿಂದ ಫೌಂಡೇಶನಿಗೆ ಹೋದ, ಅವನಿಗೆ ತುಂಬಾ ಸಹಾಯ ಆಯ್ತು. ಆದ್ರೆ ಅವನೇ ಕೇಳಿ ಸೇರಿದ್ದು, ಲೆಕ್ಕ ಅಂದ್ರೆ ಊಟ ಬಿಡೋ ಹುಡುಗ. ಅದೇ ಬ್ಯಾಚಲ್ಲಿ ಅಪ್ಪ ಅಮ್ಮ ನೂಕಿ ಕಳ್ಸಿದ್ದ ಅವನ ಗೆಳೆಯ ಎಂಟು ತಿಂಗಳಲ್ಲಿ ಶಾಲೆಯ ಪರೀಕ್ಷೆಗೂ ಹೆದರೋ ಹಾಗಾದ. ಮಗಳನ್ನ ಕೂರಿಸ್ಕೊಂಡು ಕೇಳಿದ್ದೀರಾ ಅಕ್ಕ?

ಮುಲುಂಡ್ ಗಣಿತ ಟೀಚರ್:

ವಾಶಿಯವ್ರು ಹೇಳಿದ್ದು ಸರಿ, ಮಗು ತಾನೇ ಕೇಳಿದ್ರೆ ಲೆಕ್ಕಾಚಾರ ಬೇರೆ.

ಊರಿಗೆ ಕಳ್ಸೋ ವಿಷಯ ಬಿಟ್ಟೇ ಹೋಯ್ತು. ಅಜ್ಜಿ ಮನೆಯಲ್ಲಿ ಪ್ರೀತಿಯಿಂದ ಇರ್ತಾಳೆ, ಊಟ ತಿಂಡಿಗೂ ಚಿಂತೆ ಇಲ್ಲ, ಅದೆಲ್ಲ ನಿಜ. ಆದ್ರೆ ಡಾಕ್ಟರ್ ಆಸೆ ಇದ್ರೆ ಯೋಚ್ನೆ ಮಾಡಿ, ಮಹಾರಾಷ್ಟ್ರದ ಮೆಡಿಕಲ್ ರಾಜ್ಯ ಕೋಟಾಕ್ಕೆ 10ನೇ ಜತೆ 12ನೇಯೂ ಇಲ್ಲೇ ಪಾಸಾಗಿರಬೇಕು ಅಂತ ಕೇಳ್ತಾರೆ, ಪಿಯುಸಿ ಊರಲ್ಲಿ ಮಾಡಿದ್ರೆ ಅದು ಕೈತಪ್ಪೋ ಸಾಧ್ಯತೆ ಜಾಸ್ತಿ. ಆ ಕಡೆ ಕರ್ನಾಟಕದ ಸೀಟಿಗೆ ಎರಡು ವರ್ಷದ ಪಿಯುಸಿ ಮಾತ್ರ ಸಾಲಲ್ಲ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರು ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ನೀವಿಬ್ರೂ ಅಲ್ಲೇ ಓದಿದವ್ರು, ಹಾಗಾಗಿ ನಿಮಗೆ ಆ ಬಾಗಿಲಿದೆ. ನಿಮ್ಮ ಶಾಲೆಯ ಸ್ಟಡಿ ಸರ್ಟಿಫಿಕೇಟ್ ಮುಂದಿನ ಸಲ ಊರಿಗೆ ಹೋದಾಗ ತಂದಿಡಿ.

ಅಲ್ಲಿಗೆ ಹೋಗದೆ ಇಲ್ಲೇ ಓದಿದ್ರೂ ಕರ್ನಾಟಕ ಸಿಇಟಿಯಲ್ಲಿ ಹೊರನಾಡ ಕನ್ನಡಿಗರಿಗೆ ಬೇರೆ ಅವಕಾಶ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೀಬೇಕು. ಮಗಳಿಗೆ ಕನ್ನಡ ಓದೋಕೆ ಬರೆಯೋಕೆ ಬರತ್ತಾ? ಯಾವುದಕ್ಕೂ ಆ ವರ್ಷದ ಮಾಹಿತಿ ಪುಸ್ತಕ ನೋಡಿಯೇ ತೀರ್ಮಾನ ಮಾಡಿ, ನಿಯಮ ಬದಲಾಗ್ತಿರತ್ತೆ.

ಡೊಂಬಿವಲಿ ಅಮ್ಮ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಓದ್ತಾ ಓದ್ತಾ ಕಣ್ಣೀರು ಬಂತು, ಇಷ್ಟು ತಾಳ್ಮೆಯಿಂದ ಯಾರೂ ಹೇಳಿರ್ಲಿಲ್ಲ.

ಅವಳು ಹುಟ್ಟಿದ್ದು ಕುಂದಾಪುರದಲ್ಲೇ ಅಣ್ಣ, ಎಲ್‌ಸಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ಈ ಶನಿವಾರ ಮನೆಯವ್ರು ಅರ್ಧ ದಿನ ರಜೆ ಹಾಕ್ತಾರಂತೆ, ಡೊಮಿಸೈಲಿಗೆ ಹೋಗ್ತೀವಿ. ನಿನ್ನೆ ರಾತ್ರಿ ಅವಳನ್ನ ಕೂರಿಸ್ಕೊಂಡು ಕೇಳ್ದೆ, ಬ್ಯಾಚಿಗೆ ಹೋಗೋಕೆ ಇಷ್ಟ ಇಲ್ಲ, ಆದ್ರೆ ಲೆಕ್ಕ ಯಾರಾದ್ರೂ ನಿಧಾನಕ್ಕೆ ಹೇಳಿಕೊಟ್ರೆ ಸಾಕು ಅಂದ್ಲು. ಒಂದೂವರೆ ಲಕ್ಷ ಕಟ್ಟೋದು ಬೇಡ ಅಂತ ಮಾಡಿದ್ವಿ. ಎಲಿಮೆಂಟರಿ ಕಳೆದ ವರ್ಷ ಬಿ ಗ್ರೇಡ್ ಬಂದಿತ್ತು, ಇಂಟರ್‌ಮೀಡಿಯೆಟಿಗೆ ಹೆಸರು ಕೊಡೋಕೆ ಹೇಳಿದ್ದೀನಿ.

ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಅತ್ತೆಯವ್ರಿಗೆ ಫೋನ್ ಮಾಡಿ ಹೇಳ್ದೆ, ದಿನಾ ಸಾಯಂಕಾಲ ವಿಡಿಯೋ ಕಾಲಲ್ಲಿ ಅ ಆ ಇ ಈ ನಾನೇ ಕಲಿಸ್ತೀನಿ ಅಂದ್ರು. ಡೊಂಬಿವಲಿ ಈಸ್ಟಲ್ಲಿ ಗಣಿತಕ್ಕೆ ಮನೆಪಾಠ ಹೇಳೋರು ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ.