‘ಕಂಕುಳ ಕುರು’ ಅಂದರೆ ಸಾಕೇ?

ಹಿಡ್ರಾಡೆನೈಟಿಸ್ ಸಪ್ಯುರೇಟಿವಾ ಎಂಬ ಚರ್ಮರೋಗಕ್ಕೆ ಕನ್ನಡದಲ್ಲಿ ಏನನ್ನೋಣ? ರೋಗಿಗಳು ಓದಲೆಂದು ಒಂದು ಪುಟ ಬರೆಯುತ್ತಿದ್ದೇನೆ. ತಲೆಬರಹವೇ ಇನ್ನೂ ಕೂಡಿ ಬಂದಿಲ್ಲ.

ಮೂಲ ಹೆಸರನ್ನು ಬಿಡಿಸಿದರೆ ‘ಕೀವುಗಟ್ಟುವ ಬೆವರುಗ್ರಂಥಿಯ ಉರಿಯೂತ’ ಎಂದಾಗುತ್ತದೆ. ಇದು ದಾರಿ ತಪ್ಪಿಸುತ್ತದೆ. 1854ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ವೆರ್ನೊಯ್ ಇದನ್ನು ಬೆವರುಗ್ರಂಥಿಗೆ ಗಂಟು ಹಾಕಿದರು, ಹೆಸರು ಹಾಗೇ ಉಳಿದುಬಿಟ್ಟಿತು. ನಿಜಕ್ಕೂ ಕಾಯಿಲೆ ಶುರುವಾಗುವುದು ಕೂದಲ ಬುಡದಲ್ಲಿ. ಕೂದಲು ಹುಟ್ಟುವ ಗುಳಿಯ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ತುಂಬಿ ಊದುತ್ತದೆ, ಕೊನೆಗೆ ಚರ್ಮದಡಿಯಲ್ಲೇ ಒಡೆಯುತ್ತದೆ. ಬೆವರುಗ್ರಂಥಿಗೆ ಪೆಟ್ಟು ಬೀಳುವುದು ಆಮೇಲೆ. ಅದೂ ಅಲ್ಲದೆ, ‘ಬೆವರು’ ಅಂದ ಕೂಡಲೇ ಜನರಿಗೆ ಕೊಳೆಯ ನೆನಪಾಗುತ್ತದೆ, ಅಲ್ವಾ? ಇದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವರ ಮೇಲೆ ಹೆಸರೂ ಆರೋಪ ಹೊರಿಸಬಾರದು.

ಇನ್ನು ‘ಕಂಕುಳ ಕುರು’. ಬಾಯಿಗೆ ಸಲೀಸು, ಎಲ್ಲರಿಗೂ ಗೊತ್ತು. ಆದರೆ ತೊಡೆಸಂದು, ಮೊಲೆಯ ಕೆಳಗೆ, ಕುಂಡೆ ಕೂಡ ಇದರ ಮಾಮೂಲಿ ಜಾಗಗಳೇ. ಕೆಲವರಿಗೆ ಕಿವಿಯ ಹಿಂದೆ, ಕತ್ತಿನ ಹಿಂಭಾಗ, ಹೊಟ್ಟೆ, ಮುಖದ ಮೇಲೂ ಬರುತ್ತದೆ. ದೊಡ್ಡ ಕುರು ಏಳದಿದ್ದಾಗಲೂ ಅಕ್ಕಪಕ್ಕ ಎರಡು ಬಾಯಿ ತೆರೆದ ಕಪ್ಪು ಚುಕ್ಕೆಗಳು ಕಾಣಬಹುದು. ಚರ್ಮದ ಕೆಳಗೆ ಆ ಎರಡು ಚುಕ್ಕೆಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇಂಥವರು ‘ಕಂಕುಳ ಕುರು’ ಎಂಬ ತಲೆಬರಹ ನೋಡಿ, ಇದು ನನಗಲ್ಲ ಅಂತ ಪುಟ ಮಗುಚುತ್ತಾರೆ. ನನಗೆ ಜಾಸ್ತಿ ಚಿಂತೆ ಇವರದ್ದೇ.

1989ರಲ್ಲಿ ‘ಆಕ್ನೆ ಇನ್ವರ್ಸಾ’ ಎಂಬ ಇನ್ನೊಂದು ಹೆಸರೂ ಬಂತು. ಅದರ ಜಾಡಿನಲ್ಲಿ ‘ಒಳಮೊಡವೆ’ ಅನ್ನಬಹುದು. ಚಿಕ್ಕ ಪದ, ಚೆಂದವೂ ಇದೆ. ಆದರೆ ಮೊಡವೆ ಅಂದರೆ ವಯಸ್ಸಿನದ್ದು, ತಾನಾಗಿ ಹೋಗುತ್ತದೆ ಎಂಬ ಭಾವನೆ ಇದೆ. ಕೈ ಎತ್ತಲಾಗದಷ್ಟು ನೋಯುವ ಕಾಯಿಲೆಗೆ ಆ ಪದ ತೀರಾ ಹಗುರ.

ಸದ್ಯಕ್ಕೆ ‘ಕೂದಲಬುಡದ ಕುರು’ ಅಂತ ಬರೆದುಕೊಂಡಿದ್ದೇನೆ. ಇದರಲ್ಲೂ ಒಂದು ತೊಡಕಿದೆ. ಸುಮ್ನೆ ಒಮ್ಮೆ ಬಂದು ಮಾಯುವ ಕೀವುಗುಳ್ಳೆಗೂ ಇದೇ ಹೆಸರು ಸಲ್ಲುತ್ತದೆ. ಈ ಕಾಯಿಲೆಯ ಗುರುತೇ ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುವುದು, ಚರ್ಮದಡಿಯಲ್ಲಿ ಒಂದು ಕುರುವಿನಿಂದ ಇನ್ನೊಂದಕ್ಕೆ ದಾರಿ ಕೊರೆಯುವುದು. ಆ ದಾರಿಯನ್ನು ‘ನಾಳ’ ಅಂದರೆ ದೇಹದಲ್ಲಿ ಇರಬೇಕಾದದ್ದೇ ಅನ್ನಿಸೀತು. ಹಾಗಾಗಿ ‘ಸುರಂಗ’ ಅಂದಿದ್ದೇನೆ.

ಆರಿದಂತೆ ಕಂಡು ಅಲ್ಲೇ ಮತ್ತೆ ಏಳುವ ಕುರುವಿಗೆ ನಿಮ್ಮ ಮಾತಿನಲ್ಲಿ ಬೇರೆ ಹೆಸರು ಇದೆಯೇ? ಇದ್ದರೆ ದಯವಿಟ್ಟು ತಿಳಿಸಿ, ಬಳಸುವ ವಾಕ್ಯದ ಸಮೇತ.