ಮನೆಯಲ್ಲಿ ಕಟ್ಟಿದ ಕಾರಿಗೆ ಏರ್ ಜಾಕ್: ಯಾವುದನ್ನು ಕೊಳ್ಳಲಿ, ಎಲ್ಲಿ ಕೂರಿಸಲಿ?

ಬದಿಯಡ್ಕದ ತೋಟದವ:

ಮೂರು ಮಳೆಗಾಲ ಕೊಟ್ಟಿಗೆಯಲ್ಲಿ ಕುಳಿತು ಕಟ್ಟಿದ ಕಾರು ನನ್ನದು. ಲೋಟಸ್ ಸೆವೆನ್ ಎಂಬ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್. 25 ಮಿ.ಮೀ. ಚೌಕ ಕೊಳವೆಗಳನ್ನು ಬೆಸೆದ ಪಂಜರ (ಸ್ಪೇಸ್ ಫ್ರೇಮ್), ಕೊಳವೆಯ ದಪ್ಪ 1.6 ಮಿ.ಮೀ., ಜಿಪ್ಸಿಯ 1.3 ಲೀಟರ್ ಎಂಜಿನ್. ರಸ್ತೆಗೆ ಇಳಿಸುವ ಉದ್ದೇಶವಿಲ್ಲ. ಪಿಕಪ್ಪಿಗೆ ಹೇರಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಓಡಿಸಿ ಬರುತ್ತೇನೆ.

ಕಳೆದ ಸಲ ಅಲ್ಲಿ ಮಳೆ ಹಿಡಿಯಿತು. ಒಬ್ಬನೇ ಇದ್ದೆ. ಟಯರು ಬದಲಿಸಲು ಟ್ರಾಲಿ ಜಾಕನ್ನು ಮೂತಿಯ ಅಡಿಗೆ ತಳ್ಳಿದರೆ ಅದು ಒಳಗೆ ಹೋಗಲೊಲ್ಲದು. ಅವಸರದಲ್ಲಿ ಒತ್ತಿದೆ, ಫೈಬರ್ ಮೂತಿ ಗೇಣುದ್ದ ಸೀಳಿತು. ಮನೆಗೆ ಬರುವವರೆಗೂ ಆ ಸೀಳೇ ಕಣ್ಣ ಮುಂದೆ ಇತ್ತು. ಲೆ ಮಾನ್ಸ್ 24 ಗಂಟೆಯ ಓಟದ ಕಾರುಗಳಲ್ಲಿ ಗಾಳಿಯ ಕೊಳವೆ ಚುಚ್ಚಿದೊಡನೆ ನಾಲ್ಕೂ ಚಕ್ರ ಏಳುವ ಏರ್ ಜಾಕ್ ಇರುತ್ತದಲ್ಲ, ಅದನ್ನೇ ಕೂರಿಸಬೇಕೆಂದು ತೀರ್ಮಾನಿಸಿದ್ದೇನೆ.

ಓಟದ ಕಾರಿನಿಂದ ಬಿಚ್ಚಿದ ಹಳೆಯ ಜಾಕುಗಳನ್ನು ತರಿಸಲೇ, ಅಥವಾ ಕಾರ್ಖಾನೆಗಳಲ್ಲಿ ಬಳಸುವ, ಗಾಳಿಯಿಂದ ದಂಡ ತಳ್ಳುವ ನ್ಯೂಮ್ಯಾಟಿಕ್ ಸಿಲಿಂಡರ್ ಮೂರು ಕೊಂಡರೆ ಸಾಕೇ? ನನ್ನಲ್ಲಿರುವ ಕಂಪ್ರೆಸರ್ 8 ಬಾರ್ ಒತ್ತಡ ಕೊಡುತ್ತದೆ. ಪೈಪಿಗೆ, ಅಡಿಕೆಗೆ ಮದ್ದು ಬಿಡುವ ಪಂಪಿನ ಹಳದಿ ಪೈಪು ಬೇಕಾದಷ್ಟಿದೆ.

ಕುಂಬಳೆಯ ಲೇತ್:

ಮೊದಲು ಪೈಪಿನ ವಿಷಯ. ಆ ಹಳದಿ ಪೈಪನ್ನು ದಯವಿಟ್ಟು ಮುಟ್ಟಬೇಡಿ. ಮದ್ದು ದ್ರವ, ಪೈಪು ಒಡೆದರೆ ಒಂದು ಸಲ ಚಿಮ್ಮುತ್ತದೆ, ಒತ್ತಡ ಅಲ್ಲಿಗೇ ಇಳಿಯುತ್ತದೆ. ಗಾಳಿ ಹಾಗಲ್ಲ, ಅದು ಅದುಮಿಟ್ಟ ಸ್ಪ್ರಿಂಗ್. ಒಡೆದ ಪೈಪು ಹಾವಿನಂತೆ ಹೊರಳಾಡಿ ಬಡಿಯುತ್ತದೆ. ಸಾಲದ್ದಕ್ಕೆ ವರ್ಷಗಟ್ಟಲೆ ಮೈಲುತುತ್ತು ಮತ್ತು ಸುಣ್ಣ ಹರಿದ ಪೈಪು ಅದು. ಗಾಳಿಗೆಂದೇ ಮಾಡಿದ, ಒತ್ತಡದ ಅಂಕಿ ಮೈಮೇಲೆ ಅಚ್ಚಾದ ಪೈಪನ್ನೇ ಹಾಕಿ. ಎಕ್ಸಾಸ್ಟಿನ ಬಳಿ ಹಾಯುವ ಕಡೆ ಸ್ಟೀಲ್ ಹೆಣಿಗೆಯದು ಇರಲಿ.

ಕಾರ್ಖಾನೆಯ ಸಿಲಿಂಡರ್ ಬೇಡ ಎನ್ನುವುದಕ್ಕೆ ಕಾರಣ ಅದರ ದಂಡ. 63 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ ದಂಡ 20 ಮಿ.ಮೀ. ಮಾತ್ರ. ನೇರ ತಳ್ಳಲು, ಎಳೆಯಲು ಅದು ಸಾಕು. ಆದರೆ ಎತ್ತಿದ ಕಾರಿನ ಚಕ್ರದ ನಟ್ಟನ್ನು ನೀವು ಸ್ಪ್ಯಾನರಿನಿಂದ ಜಗ್ಗುವಾಗ ಕಾರು ಅಡ್ಡಕ್ಕೆ ತೂಗುತ್ತದೆ; ಆ ತೂಗಾಟವೆಲ್ಲ ಆ ಸಣ್ಣ ದಂಡದ ಮೇಲೆ. ಓಟದ ಜಾಕಿನಲ್ಲಿ ಹೊರಗೆ ಬರುವುದು ಸರಳಲ್ಲ, ಹೆಚ್ಚುಕಡಿಮೆ ಜಾಕಿನ ಮೈಯಷ್ಟೇ ದಪ್ಪದ ಕೊಳವೆ. ಒಳಗಿನ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಹಳೆಯದನ್ನೇ ತರಿಸಿ, ಸೀಲು ಬದಲಿಸಿದರಾಯಿತು.

ಆದರೆ ಕೊಳ್ಳುವ ಮೊದಲು ಎರಡು ಅಳತೆ ಕೊಡಿ. ನಾಲ್ಕು ಚಕ್ರದ ತೂಕ ಬೇರೆ ಬೇರೆಯಾಗಿ. ಮತ್ತು ಕಾರನ್ನು ಎತ್ತಿದಾಗ ಚಕ್ರ ನೆಲ ಬಿಡುವ ಮೊದಲು ಎಷ್ಟು ಜೋಲುತ್ತದೆ ಎಂಬುದು.

ಬದಿಯಡ್ಕದ ತೋಟದವ:

ಅಣ್ಣ, ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿದೆ. ಉಳಿದ ಮೂರು ಚಕ್ರಗಳ ಅಡಿಗೆ ತಕ್ಕಡಿಯಷ್ಟೇ ಎತ್ತರದ ಹಲಗೆ ಕೊಟ್ಟು ಒಂದೊಂದಾಗಿ. ಮುಂದೆ ಎರಡೂ ಸೇರಿ 290 ಕಿಲೋ, ಹಿಂದೆ 320. ಒಟ್ಟು 610. ಆಕ್ಸಲಿನಿಂದ ಆಕ್ಸಲಿಗೆ 2,300 ಮಿ.ಮೀ. ಚಕ್ರ ಜೋಲುವುದು ಮುಂದೆ 60, ಹಿಂದೆ 70 ಮಿ.ಮೀ. ಮುಂದೆ ನಡುವಿನಲ್ಲಿ ಒಂದು, ಹಿಂದೆ ಸೀಟಿನ ಬೆನ್ನಿಗೆ ಎರಡು ಎಂದುಕೊಂಡಿದ್ದೇನೆ. ಮುಂದಿನದಕ್ಕೆ ಮುಂಚಕ್ರದ ಗೆರೆಗಿಂತ 100 ಮಿ.ಮೀ. ಮುಂದೆ ಜಾಗ ಇದೆ; ಹಿಂದಿನವು ಆ ಗೆರೆಯಿಂದ 2,000 ಮಿ.ಮೀ. ಹಿಂದೆ ಬರುತ್ತವೆ.

ಕುಂಬಳೆಯ ಲೇತ್:

ತಕ್ಕಡಿಯ ಉಪಾಯ ಬಹಳ ಚೆನ್ನಾಗಿದೆ. ಈಗ ಲೆಕ್ಕ ನೋಡಿ.

ನಿಮ್ಮ ತೂಕದ ನಡು ಮುಂದಿನ ಆಕ್ಸಲಿನಿಂದ ಸುಮಾರು 1,207 ಮಿ.ಮೀ. ಹಿಂದಿದೆ. ನೀವು ಹೇಳಿದ ಜಾಗಗಳಲ್ಲಿ ಮೂರು ಜಾಕ್ ಇಟ್ಟರೆ ಹಿಂದಿನ ಎರಡರ ಮೇಲೆ ಒಟ್ಟು 380 ಕಿಲೋ, ಅಂದರೆ ಒಂದೊಂದಕ್ಕೆ 190; ಮುಂದಿನ ಒಂದೇ ಜಾಕಿನ ಮೇಲೆ 230. ಒಳವ್ಯಾಸ 50 ಮಿ.ಮೀ. ಇರುವ ಜಾಕು 8 ಬಾರಿನಲ್ಲಿ ಎತ್ತುವುದು ಬರೀ 160 ಕಿಲೋ. 10 ಬಾರಿಗೂ 200. ನಿಮ್ಮ ಕಂಪ್ರೆಸರ್ ಎಷ್ಟು ಹೊತ್ತು ಓಡಿದರೂ ಮೂತಿ ಮೇಲೇಳುವುದಿಲ್ಲ. 20 ಬಾರ್ ಕೊಟ್ಟರೆ ಒಂದೊಂದಕ್ಕೂ 400 ಕಿಲೋ ಶಕ್ತಿ ಬರುತ್ತದೆ, ನಿರಾಳ. ಅದಕ್ಕೆ ನೈಟ್ರೋಜನ್ ಸಿಲಿಂಡರ್ ಮತ್ತು ಅದರ ಒತ್ತಡ ಇಳಿಸಿಕೊಡುವ ಒಳ್ಳೆಯ ರೆಗ್ಯುಲೇಟರ್ ಬೇಕು. ಜಾಕು, ಪೈಪು, ಕಪ್ಲಿಂಗ್ ಎಲ್ಲವೂ ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ತಾಳುವಂಥವೇ ಇರಲಿ; ರೆಗ್ಯುಲೇಟರಿನ ನಂತರ ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಒಂದು ರಿಲೀಫ್ ವಾಲ್ವ್ ಇಲ್ಲದೆ ಗಾಳಿ ಬಿಡಬೇಡಿ.

ನೈಟ್ರೋಜನಿನ ಇನ್ನೊಂದು ಲಾಭ ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ: ಅದು ಒಣಗಿರುತ್ತದೆ. ಜುಲೈಯಲ್ಲಿ ನಿಮ್ಮ ಕಂಪ್ರೆಸರಿನ ಅಡಿಯ ತಿರುಪು ಬಿಚ್ಚಿ ನೋಡಿ, ಎಷ್ಟು ನೀರು ಬರುತ್ತದೆಂದು. ಅದೇ ನೀರು ಜಾಕಿನೊಳಗೆ ಹೋಗಿ ಸ್ಪ್ರಿಂಗನ್ನು ತುಕ್ಕು ಹಿಡಿಸುತ್ತದೆ.

ಸ್ಟ್ರೋಕ್, ಅಂದರೆ ಜಾಕಿನ ಕೊಳವೆ ಹೊರಬರುವ ಉದ್ದ: ಜಾಕಿನ ಪಾದ ಮಡಚಿದಾಗ ನೆಲದಿಂದ 95 ಮಿ.ಮೀ. ಮೇಲಿದೆ ಎಂದಿಟ್ಟುಕೊಳ್ಳಿ. ಚಕ್ರ ಜೋಲುವ 70, ಟಯರಿನ ಅಡಿ ಬೇಕಾದ 40. ಒಟ್ಟು 205. ಹೊಸ ಟಯರು ಸವೆದದ್ದಕ್ಕಿಂತ ದೊಡ್ಡದು, ಆದ್ದರಿಂದ 225ಕ್ಕಿಂತ ಕಡಿಮೆಯದನ್ನು ತರಬೇಡಿ. ಮಡಚಿದ ಜಾಕಿನ ಎತ್ತರ ಸ್ಟ್ರೋಕಿಗಿಂತ ಹೆಚ್ಚಿರುತ್ತದೆ; ಆ ಅಳತೆಯ ಒಂದು ಪಿವಿಸಿ ತುಂಡನ್ನು ಕಾರಿನಲ್ಲಿ ನಿಲ್ಲಿಸಿ ನೋಡಿದ ಮೇಲೆಯೇ ಹಣ ಕೊಡಿ.

ಪಿಟ್ಟಿನಲ್ಲಿದ್ದವ, ತಾಳವಾಡಿ:

ಲೆಕ್ಕಕ್ಕೆ ನಾನು ಸೇರಿಸುವುದೇನೂ ಇಲ್ಲ. ಓಟಗಳಲ್ಲಿ ಹತ್ತು ವರ್ಷ ಚಕ್ರ ಬಿಚ್ಚಿದವನಾಗಿ ಎರಡು ಮಾತು ಹೇಳುತ್ತೇನೆ.

ಮೂರಕ್ಕೂ ಒಂದೇ ಗಾಳಿ ಹೋಗುವಾಗ ಒಂದೊಂದು ಜಾಕಿನ ಮೇಲೆ ಭಾರ ಕಡಿಮೆ ಇರುವ ಕಡೆ ಮೊದಲು ಏಳುತ್ತದೆ. ನಿಮ್ಮ ಕಾರಿನಲ್ಲಿ ಅದು ಹಿಂಭಾಗ. ಹಿಂಚಕ್ರ ನೆಲ ಬಿಟ್ಟ ಕ್ಷಣ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ನೆಲ ತುಸು ಇಳಿಜಾರಾಗಿದ್ದರೆ ಕಾರು ಮುಂದಕ್ಕೆ ಜರುಗುತ್ತದೆ, ಜಾಕಿನ ಕಾಲು ಓರೆಯಾಗುತ್ತದೆ. ಮುಂಚಕ್ರಕ್ಕೆ ಎರಡೂ ಬದಿ ಅಡ್ಡ ಕೊಟ್ಟ ಮೇಲೆಯೇ ಗಾಳಿ ಬಿಡಿ.

ಎರಡನೆಯದು: ಗಾಳಿಯ ಮೇಲೆ ನಿಂತ ಕಾರಿನ ಅಡಿಗೆ ಕೈ ಕೂಡ ಹಾಕಬೇಡಿ. ಜಾಕಿನೊಳಗಿನ ಒಂದು ರಬ್ಬರ್ ಸೀಲು (ಓ-ರಿಂಗ್) ಹರಿದರೆ ಸಾಕು. ಒಮ್ಮೆ ನನ್ನ ಎದುರಿಗೇ ಒಂದು ಕಾರು ಕೂತುಬಿಟ್ಟಿತು. ಬಿಚ್ಚಿದ ಚಕ್ರವನ್ನು ಹುಡುಗ ಅಡಿಗೆ ತಳ್ಳಿಟ್ಟಿದ್ದರಿಂದ ಅವನ ಕಾಲು ಉಳಿಯಿತು. ಹೊರಬಂದ ಕೊಳವೆಗೆ ಬದಿಯಿಂದ ತೊಡಿಸುವ ಅರ್ಧಚಂದ್ರದ ಪೈಪಿನ ತುಂಡು ಮಾಡಿಸಿ, ಒಂದೊಂದು ಜಾಕಿಗೆ ಒಂದು. ಗಾಳಿ ಹೋದರೂ ಕಾರು ಆ ತುಂಡಿನ ಮೇಲೆ ನಿಲ್ಲುತ್ತದೆ. ಟಯರು ಬದಲಿಸಲು ಅಷ್ಟು ಸಾಕು. ಅಡಿಗೆ ಮಲಗಿ ಮಾಡುವ ಕೆಲಸಕ್ಕೆ ಸ್ಟ್ಯಾಂಡ್ ಬೇಕೇ ಬೇಕು.

ಬದಿಯಡ್ಕದ ತೋಟದವ:

ಆ ತುಂಡುಗಳನ್ನು ಜಾಕಿಗಿಂತ ಮೊದಲೇ ಮಾಡಿಸುತ್ತೇನೆ. ಇನ್ನು ಕೂರಿಸುವ ಬಗೆ ಹೇಳಿ, ಅಣ್ಣ. ಕೆಳಗಿನ ಕೊಳವೆಗೆ ನೇರವಾಗಿ ವೆಲ್ಡ್ ಮಾಡಬಹುದೇ?

ಕುಂಬಳೆಯ ಲೇತ್:

ಬೇಡ. 1.6 ಮಿ.ಮೀ. ಕೊಳವೆಯ ನಡುವೆ 230 ಕಿಲೋ ಹೇರಿದರೆ ಕೊಳವೆ ಬಾಗುತ್ತದೆ, ಒಂದೆರಡು ವರ್ಷದಲ್ಲಿ ವೆಲ್ಡಿನ ಅಂಚಿಗೇ ಬಿರುಕು ಬಿಡುತ್ತದೆ. ಮೂರು ನಾಲ್ಕು ಕೊಳವೆ ಕೂಡುವ ಗಂಟು ಎಲ್ಲಿದೆ ನೋಡಿ, ಜಾಕು ಅಲ್ಲಿಗೆ ಬರಬೇಕು. ಗಂಟು ಇಲ್ಲದಿದ್ದರೆ ಓರೆ ಕೊಳವೆ ಕೊಟ್ಟು ಗಂಟು ಮಾಡಿ. ಅದಕ್ಕೆ 3 ಮಿ.ಮೀ. ತಗಡಿನ ಮೂಲೆಪಟ್ಟಿ, ಅದರ ಮೇಲೆ ಸ್ಟೀಲಿನ ತೋಳು. ಜಾಕು ತೋಳಿನೊಳಗೆ ಕೂರುತ್ತದೆ. ತೋಳನ್ನು ಉದ್ದಕ್ಕೆ ಸೀಳಿ, ಮೇಲೊಂದು ಕೆಳಗೊಂದು ಬೋಲ್ಟಿನಿಂದ ಬಿಗಿಯುವಂತೆ ಮಾಡೋಣ.

ವೆಲ್ಡ್ ಮಾಡುವಾಗ ಜಾಕು ಒಳಗಿರಬಾರದು, ಸೀಲು ಬೆಂದುಹೋಗುತ್ತದೆ. ಅದರ ಬದಲು ಅಷ್ಟೇ ದಪ್ಪದ ಕಬ್ಬಿಣದ ಡಮ್ಮಿ ಇಟ್ಟು, ತೂಗುಗುಂಡಿನಿಂದ ಲಂಬ ನೋಡಿ, ನಾಲ್ಕು ಕಡೆ ಚುಕ್ಕೆ ವೆಲ್ಡ್ ಹಾಕಿ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಎಳೆಯಬೇಕು. ಒಂದೇ ಬದಿ ಎಳೆದರೆ ತೋಳು ಆ ಕಡೆ ಜಗ್ಗುತ್ತದೆ. ಜಾಕಿನ ಮೈ ಅಲ್ಯೂಮಿನಿಯಂ, ತೋಳು ಸ್ಟೀಲು, ನಮ್ಮದು ಕಡಲ ಗಾಳಿ: ನಡುವೆ ಗ್ರೀಸ್ ಹಚ್ಚದಿದ್ದರೆ ಎರಡು ಮಳೆಗಾಲಕ್ಕೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಮನೆಯ ಅಂಗಳದಲ್ಲಿ ಪ್ರಯೋಗ ಮಾಡುವುದಾದರೆ ಪಾದದ ಅಡಿಗೆ ಅಗಲದ ಕಬ್ಬಿಣದ ತಗಡು ಇಡಿ. ಮಣ್ಣಿನಲ್ಲಿ ಬರೀ ಪಾದ ಗೂಟದಂತೆ ಇಳಿಯುತ್ತದೆ.

ಜಾಕು ಬಂದ ಮೇಲೆ ಅದನ್ನು ಹಿಡಿದುಕೊಂಡೇ ಕುಂಬಳೆಗೆ ಬನ್ನಿ. ತೋಳನ್ನು ಅದರ ಮೈಗೆ ಅಳೆದೇ ಕೊರೆಯಬೇಕು, ಕಾಗದದ ಅಳತೆಯಲ್ಲಿ ನಾನು ಕೊರೆಯುವುದಿಲ್ಲ.